ಕಿವಿ ಮೇಸ್ತ್ರಿಗೆ ಕೇಳದ ಹಕ್ಕಿ

ಗಾಡಿ ರಿಪೇರಿಯವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ. ಈ ಮೇಸ್ತ್ರಿ ಮೊದಲು ಕಣ್ಣು ಮುಚ್ಚುತ್ತಿದ್ದ. ಗಿರಾಕಿ ಎಂಜಿನ್ ಶುರು ಮಾಡಬೇಕು, ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗಿಬರಬೇಕು, ಬಾಯಿ ಮಾತ್ರ ಬಿಡಬಾರದು. ಗಾಡಿಗೆ ಏನಾಗಿದೆ ಎಂದು ವಿವರಿಸಲು ಹೊರಟವರಿಗೆ "ನೀವೇ ಹೇಳೋದಾದ್ರೆ ನಾನ್ಯಾಕೆ?" ಎಂದು ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದ. ಆ ಹೊತ್ತಿನಲ್ಲಿ ಪಕ್ಕದ ಅಂಗಡಿಯ ತಗಡಿನ ಕೆಲಸದವನೂ ಸುತ್ತಿಗೆ ಕೆಳಗಿಡಬೇಕು. "ಮೇಸ್ತ್ರಿ ಕಿವಿ ಕೊಟ್ಟಿದಾನೆ" ಎಂದರೆ ಕೆಮ್ಮು ಬಂದವರೂ ನುಂಗಿಕೊಳ್ಳುತ್ತಿದ್ದರು. ಅವನು ನಿಂತಲ್ಲೇ ನಿಂತು "ಮುಂದಿನ ಎಡಗಡೆ ಬೇರಿಂಗು" ಎನ್ನುತ್ತಿದ್ದ, ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಹೀಗೆ ಅವನಿಗೆ ಕಿವಿ ಮೇಸ್ತ್ರಿ ಎಂದು ಹೆಸರು ಬಿತ್ತು. ಅವನು ಅದನ್ನೇ ಗ್ಯಾರೇಜಿನ ಬೋರ್ಡಿನ ಮೇಲೂ ಬರೆಸಿದ. ಸ್ವಲ್ಪ ಜಂಬದ ಮನುಷ್ಯನೇ, ಇಲ್ಲವೆನ್ನಲು ನನಗೇನೂ ಆಗಬೇಕಿಲ್ಲ.

ಅಂಥ ಕಿವಿ ಅವನಿಗೆ ಕೈಕೊಟ್ಟಿತು. ಅದೂ ಒಮ್ಮೆಲೇ ಅಲ್ಲ. ಸಣ್ಣ ಸಣ್ಣ ಶಬ್ದಗಳು ಹೇಳದೆ ಕೇಳದೆ ಒಂದೊಂದಾಗಿ ಹೊರಟುಹೋದವು, ದಪ್ಪ ಶಬ್ದಗಳು ಉಳಿದುಕೊಂಡವು. ಎಂಜಿನ್ನಿನ ಬಡಿತ, ಗೇರಿನ ಗೊರಗೊರ ಮೊದಲಿನಂತೆಯೇ ಕೇಳಿಸುತ್ತಿದ್ದುದರಿಂದ ಗ್ಯಾರೇಜು ನಡೆಯುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಫೋನಿನ ಗಂಟೆ ಕೇಳಿಸದಿದ್ದಾಗ ಫೋನೇ ಕೆಟ್ಟಿದೆ ಎಂದ. ಹೆಂಡತಿ ಅಡುಗೆಮನೆಯಿಂದ ಹೇಳಿದ್ದು ಕೇಳಿಸದಿದ್ದಾಗ ಅವಳು ಬಾಯೊಳಗೇ ಗೊಣಗುತ್ತಾಳೆ ಎಂದ. ಅರ್ಥವಾಗದ ಮಾತಿಗೆಲ್ಲ "ಹೂಂ" ಅನ್ನುವುದನ್ನು ರೂಢಿ ಮಾಡಿಕೊಂಡ. ಅಂಥ ಒಂದು "ಹೂಂ"ನಿಂದಾಗಿ ಅವನ ಭಾವಮೈದುನ ಸಂಸಾರ ಸಮೇತ ಬಂದು ಒಂದಿಡೀ ರಜೆ ಅವರ ಮನೆಯಲ್ಲೇ ಠಿಕಾಣಿ ಹೂಡಿದ್ದೂ ಉಂಟು. ಆದರೂ ತನಗೆ ಕಿವಿ ಮಂದವಾಗಿದೆ ಎಂದು ಅವನು ಹೇಳಿದ್ದಿಲ್ಲ, ತನ್ನ ಮನಸ್ಸಿಗೂ ಹೇಳಿಕೊಂಡಿದ್ದಿಲ್ಲ. ಹೇಳಿಕೊಂಡರೆ ಉಳಿಯುವುದೇನು ಎಂಬ ಭಯ ಅವನಿಗೆ.

ಹೆಂಡತಿ ಜೀಪು ಓಡಿಸುತ್ತಿದ್ದಳು. ಊರಿನ ಹಿಂದಿನ ಗುಡ್ಡದ ನೆತ್ತಿಯಲ್ಲೊಂದು ಶಾಲೆಯಿತ್ತು, ಅಲ್ಲಿಗೆ ಬಸ್ಸಿರಲಿಲ್ಲ. ಟೀಚರುಗಳನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ, ಅಲ್ಲೇ ಕಾದು, ಶಾಲೆ ಬಿಟ್ಟ ಮೇಲೆ ಇಳಿಸಿಕೊಂಡು ಬರುವುದು ಅವಳ ಕೆಲಸ. ಟೀಚರುಗಳ ಬಾಯಲ್ಲಿ ಅವಳು ಜೀಪಕ್ಕ. ರಸ್ತೆ ಎನ್ನುವುದು ಬರೀ ಹೆಸರಿಗೆ, ಇದ್ದದ್ದು ಬಂಡೆ, ಕೊರಕಲು, ನಡುವೆ ಒಂದು ತೊರೆ. ಒಮ್ಮೆ ಕಲ್ಲು ತಗಲಿ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರು ಒಡೆದಾಗ ಮೇಸ್ತ್ರಿಯೇ ಕೂತು ಆ ಜೀಪನ್ನು ಅರ್ಧ ಗೇಣು ಎತ್ತರಿಸಿದ್ದ. ಉದ್ದನೆಯ ಶಾಕ್ ಅಬ್ಸಾರ್ಬರು, ದಪ್ಪ ಸ್ಪ್ರಿಂಗ್ ಪಟ್ಟಿ, ದೊಡ್ಡ ಚಕ್ರ ಎಲ್ಲ ಬಂದವು. "ಚೆನ್ನಾಗಿದೆ, ಹತ್ತೋಕೆ ಏಣಿ ಯಾರು ತರ್ತಾರೆ?" ಎಂದು ಅವಳು ಕೇಳಿದ್ದಕ್ಕೆ ಬಾಗಿಲ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲನ್ನೂ ವೆಲ್ಡಿಂಗ್ ಮಾಡಿಕೊಟ್ಟ.

ಎತ್ತರ ಮಾಡಿದ್ದಕ್ಕೆ ಒಂದು ದಂಡ ತೆರಬೇಕಾಗುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಅದರ ಎರಡು ತುದಿಗೂ ಕೂಡುವ ಲೆಕ್ಕದ ಗುರುತಿನ (+) ಆಕಾರದ ಒಂದೊಂದು ಕೀಲು ಇರುತ್ತದೆ, ಗ್ಯಾರೇಜಿನ ಮಾತಿನಲ್ಲಿ ಅದು ಕ್ರಾಸ್. ಕ್ರಾಸಿನ ಒಂದೊಂದು ತೋಳಿಗೂ ಒಂದೊಂದು ಉಕ್ಕಿನ ಬಟ್ಟಲು, ಬಟ್ಟಲೊಳಗೆ ಸುತ್ತಲೂ ಸೂಜಿಯಷ್ಟು ಸಣ್ಣ ಕಡ್ಡಿಗಳು ಮತ್ತು ಗ್ರೀಸು. ಜೀಪು ತಗ್ಗಿದ್ದರೆ ಶಾಫ್ಟು ಹೆಚ್ಚುಕಡಿಮೆ ಮಲಗಿರುತ್ತದೆ. ಎತ್ತರಿಸಿದರೆ ಓರೆಯಾಗುತ್ತದೆ, ಆಗ ಕ್ರಾಸು ಪ್ರತಿ ಸುತ್ತಿಗೂ ಹೆಚ್ಚು ಬಳುಕಬೇಕು, ಬೇಗ ಸವೆಯುತ್ತದೆ. ಗ್ರೀಸು ಒಣಗಿತೋ, ಚಿಂವ್ ಚಿಂವ್ ಎಂದು ಸಣ್ಣಗೆ ಕೂಗಲು ಶುರುಮಾಡುತ್ತದೆ. ಆ ಬೀದಿಯ ಮೇಸ್ತ್ರಿಗಳು ಅದಕ್ಕೆ "ಹಕ್ಕಿ ಕೂತಿದೆ" ಎನ್ನುತ್ತಿದ್ದರು.

ಒಂದು ಸಾಯಂಕಾಲ ಹೆಂಡತಿ ಜೀಪಿನಿಂದ ಇಳಿದವಳೇ, "ಏನ್ರೀ, ಹಕ್ಕಿ ಕೂತಿದೆ ಅನ್ಸುತ್ತೆ," ಎಂದಳು.

ಮೇಸ್ತ್ರಿ ಅವಳ ಪಕ್ಕ ಹತ್ತಿ ಕೂತ. ಕಣ್ಣು ಮುಚ್ಚಿದ. ಅವಳು ಬೀದಿಯ ಕೊನೆಯವರೆಗೆ ಓಡಿಸಿದಳು.

"ಎಲ್ಲಿ?"

"ಈಗ ಕೂಗ್ತಾ ಇದೆಯಲ್ಲ."

"ಏನೂ ಇಲ್ಲ."

"ರೀ, ನಿಮ್ಮ ಕಾಲ ಕೆಳಗೇ ಕೂಗ್ತಾ ಇದೆ. ನಿಧಾನ ಮಾಡಿದ್ರೆ ಅದೂ ನಿಧಾನ ಆಗುತ್ತೆ, ನೋಡಿ."

"ಇಲ್ಲ ಅಂದ್ನಲ್ಲ. ನಿಂಗೆ ಜೀಪು ಕಲ್ಸಿದ್ದು ಯಾರು?"

ಅವಳು ಪಕ್ಕಕ್ಕೆ ತಿರುಗಿ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಜೀಪನ್ನು ಮನೆಯ ಕಡೆ ತಿರುಗಿಸಿದಳು. ಮನೆ ಮುಟ್ಟುವವರೆಗೂ ಅವನು ಮುಖ ಊದಿಸಿಕೊಂಡೇ ಕೂತಿದ್ದ, ಆದರೆ ಒಳಗೆ ಕೋಪಕ್ಕಿಂತ ದಿಗಿಲೇ ಹೆಚ್ಚಾಗಿತ್ತು.

ಮರುದಿನ ಅವಳು ಹೊರಡುವ ಮೊದಲೇ ಗ್ರೀಸ್ ಗನ್ ಹಿಡಿದು ಜೀಪಿನ ಅಡಿಗೆ ನುಸುಳಿದ. ಹಿಂದಿನ ಕ್ರಾಸಿಗೆ ಹೊಡೆದ. ಮುಂದಿನದು ಜೀಪು ಎತ್ತರವಾದ ಮೇಲೆ ಒಂದು ಅಡ್ಡಪಟ್ಟಿಯ ಮರೆಗೆ ಸೇರಿಕೊಂಡಿತ್ತು, ಅಲ್ಲಿಗೆ ಕೈ ಹೋಗುತ್ತಿತ್ತೇ ಹೊರತು ಕಣ್ಣು ಹೋಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಪಟ್ಟಿ ಬಿಚ್ಚಿ ನೋಡುತ್ತಿದ್ದರು. ಇವನಿಗೆ ಅದರ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಹೊಸ ಗ್ರೀಸು ಒಳಗೆ ತುಂಬಿ ಹಳೆಯದು ಬಟ್ಟಲಿನ ಅಂಚಿನಿಂದ ಹೊರಬರುವಾಗ ಪಿಸಕ್ಕೆಂದು ಒಂದು ಸಣ್ಣ ಶಬ್ದ ಬರುತ್ತದೆ, ಅದನ್ನು ಕೇಳಿಯೇ ಕೈ ನಿಲ್ಲಿಸುತ್ತಿದ್ದ. ಈ ಸಲ ಒತ್ತಿದ, ಒತ್ತಿದ, ಕೈ ಸೋಲುವವರೆಗೂ ಒತ್ತಿದ. ಇಷ್ಟು ಒತ್ತಿದ ಮೇಲೆ ತುಂಬಿರಲೇಬೇಕು ಎಂದುಕೊಂಡು ಹೊರಬಂದ.

ಸಾಯಂಕಾಲ, "ಹಕ್ಕಿ?" ಎಂದು ಕೇಳಿದ.

"ಹೋಯ್ತು ಬಿಡಿ," ಎಂದಳು ಅವಳು, ಪಾತ್ರೆ ತೊಳೆಯುತ್ತ.

ಆ ರಾತ್ರಿ ಅವನಿಗೆ ಒಳ್ಳೆ ನಿದ್ದೆ ಬಂತು. ಹಕ್ಕಿ ಕೂತಿದ್ದಿರಬಹುದು, ಆದರೆ ಅದು ತನ್ನ ಕೈಯಿಂದಲೇ ಹಾರಿಹೋಯಿತಲ್ಲ ಎಂಬ ಸಮಾಧಾನ.

ವಾರ ಕಳೆದ ಮೇಲೆ, ಹೆಂಡತಿ ಟೀಚರುಗಳನ್ನು ಹತ್ತಿಸಿಕೊಂಡು ಗುಡ್ಡಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ತಗಡಿನವನು ಚಹಾದ ಲೋಟ ಹಿಡಿದುಕೊಂಡು ಗ್ಯಾರೇಜಿಗೆ ಬಂದ. ಸ್ಟೂಲು ಎಳೆದು ಕೂತ. ಊರ ಸುದ್ದಿಯೆಲ್ಲ ಮುಗಿದ ಮೇಲೆ, "ಅಲ್ಲಯ್ಯಾ, ನಿನ್ನ ಹೆಂಡ್ತಿ ಜೀಪಿಗೆ ಆ ಹಕ್ಕೀನ ಯಾವಾಗ ಓಡಿಸ್ತೀಯ? ಊರಿನ ಗಾಡಿಯೆಲ್ಲ ರಿಪೇರಿ ಮಾಡ್ತೀಯ, ಮನೇದನ್ನ ಹಾಗೇ ಬಿಟ್ಟಿದೀಯಲ್ಲ," ಎಂದ.

"ಯಾವ ಹಕ್ಕಿ?"

"ತಮಾಷೆ ಮಾಡ್ಬೇಡ. ವಾರದಿಂದ ಬೀದಿ ತುಂಬಾ ಚಿಂವ್ ಚಿಂವ್ ಅಂತ ಹೋಗುತ್ತೆ. ಈವತ್ತಂತೂ ಹೊರಡೋವಾಗ ಕಡಕ್ ಅಂತ ಬೇರೆ ಅಂತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳೋದೇ? ನೀನು ಕಿವಿ ಮೇಸ್ತ್ರಿ. ನಂಗೇ ಕೇಳ್ಸಿದ್ದು ನಿಂಗೆ ಕೇಳ್ಸದೆ ಇರುತ್ತಾ ಅಂತ ಸುಮ್ನಿದ್ದೆ."

ಮೇಸ್ತ್ರಿಗೆ ಅದರ ಅರ್ಥ ಗೊತ್ತಿತ್ತು. ಹಕ್ಕಿ ಕೂಗುವುದು ಎಚ್ಚರಿಕೆ. ಕಡಕ್ ಎಂದರೆ ಬಟ್ಟಲೊಳಗಿನ ಕಡ್ಡಿಗಳು ಪುಡಿಯಾಗಿವೆ, ಕ್ರಾಸು ಯಾವ ಗಳಿಗೆಯಲ್ಲಾದರೂ ಮುರಿಯಬಹುದು. ಮುಂದಿನ ತುದಿ ಮುರಿದು ಶಾಫ್ಟು ನೆಲಕ್ಕೆ ಬಿದ್ದರೆ, ಓಡುವ ಜೀಪಿನ ಹೊಟ್ಟೆಗೆ ಅದೇ ಊರುಗೋಲಾಗಿ ನಾಟಿಕೊಂಡು ಜೀಪನ್ನೇ ಮಗುಚಿಬಿಡಬಹುದು. ಮಗುಚದಿದ್ದರೂ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಆ ಹಳೆಯ ಜೀಪಿನಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದೂ ಆ ಶಾಫ್ಟನ್ನೇ, ಅದೂ ಹೋಗುತ್ತದೆ. ಫೋನು ತೆಗೆದು ಹೆಂಡತಿಗೆ ಹಚ್ಚಿದ. ಗುಡ್ಡದ ಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ಹಚ್ಚಿದ. ಕಿವಿಗಿಟ್ಟುಕೊಂಡರೆ ಗಂಟೆ ಹೋಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಫೋನನ್ನು ತಗಡಿನವನ ಕೈಗೆ ತುರುಕಿ, "ರಿಂಗ್ ಆಗ್ತಿದೆಯಾ ನೋಡು," ಎಂದ.

ತಗಡಿನವನು ಕೇಳಿಸಿಕೊಂಡು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಮೇಸ್ತ್ರಿಯ ಮುಖ ನೋಡಿದ, ಏನೋ ಅರ್ಥವಾದವನಂತೆ ತನ್ನ ಬೈಕಿನ ಕೀಲಿಯನ್ನು ಮುಂದೆ ಹಿಡಿದ.

ಮೇಸ್ತ್ರಿ ಹಲಗೆಯ ಮೇಲಿದ್ದ ಹೊಸ ಕ್ರಾಸು, ಸುತ್ತಿಗೆ, ಪಾನಾಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು ಹೊರಟ. ಗುಡ್ಡದ ದಾರಿಯುದ್ದಕ್ಕೂ ಅವನ ಕಣ್ಣು ನೆಲದ ಮೇಲೇ. ಎಲ್ಲಾದರೂ ಎಣ್ಣೆ ಚೆಲ್ಲಿದೆಯೇ, ಮಣ್ಣು ಕೆರೆದ ಗುರುತಿದೆಯೇ, ಪೊದೆ ಮುರಿದಿದೆಯೇ. ತೊರೆಯ ಹತ್ತಿರ ಒಂದು ಕಬ್ಬಿಣದ ತುಂಡು ಹೊಳೆಯಿತು. ಬೈಕು ನಿಲ್ಲಿಸಿ ಎತ್ತಿಕೊಂಡ. ನೋಡಿದರೆ ಯಾವುದೋ ಸೈಕಲ್ಲಿನ ಪೆಡಲು. ಅದನ್ನು ಬಿಸಾಡಿ, ಬಾಯಿಗೆ ಬಂದಂತೆ ಬೈದ. ಯಾರನ್ನು ಬೈದೆನೆಂದು ಅವನಿಗೇ ಗೊತ್ತಿರಲಿಲ್ಲ. "ಹೋಯ್ತು" ಎಂದಳಲ್ಲ, ಯಾಕೆ ಹಾಗೆಂದಳು? ನಿಜವಾಗಿ ಹೋಗಿ ಮತ್ತೆ ಬಂದಿರಬಹುದೇ? ತಗಡಿನವನಿಗೆ ಬೇರೆ ಜೀಪಿನ ಶಬ್ದ ಕೇಳಿಸಿರಬಹುದೇ? ಪ್ರತಿ ತಿರುವಿನಲ್ಲೂ ಒಂದೊಂದು ಸಮಾಧಾನ ಹುಡುಕಿಕೊಳ್ಳುತ್ತಿದ್ದ, ಮುಂದಿನ ತಿರುವಿಗೆ ಅದು ಸೋರಿಹೋಗುತ್ತಿತ್ತು.

ಶಾಲೆಯ ಅಂಗಳದ ಮರದ ಕೆಳಗೆ ಜೀಪು ನಿಂತಿತ್ತು. ಹೆಂಡತಿ ಮುಂದಿನ ಸೀಟಿನಲ್ಲಿ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಳು. ಅವನಿಗೆ ಹೋದ ಜೀವ ಬಂದಂತಾಯಿತು, ಬಂದದ್ದೇ ತಡ ಸಿಟ್ಟೂ ಬಂತು. ಅವಳನ್ನು ಎಬ್ಬಿಸಿದ.

"ಏನ್ರೀ, ಇಲ್ಲಿ?"

"ಇಳಿ."

ಅವನ ಕೈಯಲ್ಲಿದ್ದ ಚೀಲ ನೋಡಿ ಅವಳು ಬೇರೇನೂ ಕೇಳದೆ ಇಳಿದಳು. ಇಬ್ಬರೂ ಸೇರಿ ಚಕ್ರಗಳಿಗೆ ಕಲ್ಲು ಕೊಟ್ಟರು. ಅವನು ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಬಿಟ್ಟು, ಅಡಿಗೆ ನುಸುಳಿದ. ಒಂದು ಕೈಯಲ್ಲಿ ಶಾಫ್ಟು, ಇನ್ನೊಂದರಲ್ಲಿ ಅದು ಕೂತಿರುವ ಬಿಲ್ಲೆ ಹಿಡಿದು ಎದುರುಬದುರು ತಿರುಗಿಸಿದ. ಸರಿಯಿದ್ದರೆ ಎರಡೂ ಒಟ್ಟಿಗೆ ಅಲುಗಬೇಕು. ಹಿಂದಿನ ತುದಿ ಹಾಗೇ ಇತ್ತು. ಮುಂದಿನದು ಕೈಯೊಳಗೆ ಸಡಿಲ ಹಲ್ಲಿನಂತೆ ಆಡಿತು. ಅಡ್ಡಪಟ್ಟಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ ಮೊದಲ ಸಲ ಕಣ್ಣಾರೆ ನೋಡಿದ. ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ. ತಾನು ಕೈ ಸೋಲುವಷ್ಟು ಒತ್ತಿದ್ದ ಗ್ರೀಸೆಲ್ಲ ಹೊರಗೇ, ಪಟ್ಟಿಯ ಮೇಲೆ, ಮುದ್ದೆಯಾಗಿ ಕೂತಿತ್ತು. ಗನ್ನಿನ ಬಾಯಿ ಸರಿಯಾಗಿ ಕೂತಿರದೆ ಒಂದು ತೊಟ್ಟೂ ಒಳಗೆ ಹೋಗಿರಲಿಲ್ಲ.

ಬಿಚ್ಚಿದ್ದು ಮೊದಲಿದ್ದ ಹಾಗೇ ಮತ್ತೆ ಕೂರಬೇಕಾದ್ದರಿಂದ ಅವಳು ತರಗತಿಯಿಂದ ಸೀಮೆಸುಣ್ಣ ತಂದುಕೊಟ್ಟಳು. ಅವನು ಗುರುತು ಹಾಕಿ, ಬೋಲ್ಟ್ ತೆಗೆದು, ಶಾಫ್ಟನ್ನು ಶಾಲೆಯ ಕಲ್ಲಿನ ಮೆಟ್ಟಿಲ ಮೇಲಿಟ್ಟು ಬಟ್ಟಲುಗಳನ್ನು ಹೊಡೆದು ಹೊರತೆಗೆದ. ಒಂದರಲ್ಲಿ ಕಡ್ಡಿಗಳೇ ಇರಲಿಲ್ಲ, ಬರೀ ಕೆಂಪು ಪುಡಿ. ಅದನ್ನು ಅವಳ ಅಂಗೈಗೆ ಸುರಿದ.

"ಹೋಯ್ತು ಅಂದ್ಯಲ್ಲ?"

"ಅಂದೆ."

"ಹೋಗಿತ್ತಾ?"

"ಇಲ್ಲ." ಅವಳು ಪುಡಿಯನ್ನು ನೋಡುತ್ತ ನಿಂತಳು. "ನಿಮಗೆ ಕೇಳ್ಸಲ್ಲ ಅಂತ ಆವತ್ತೇ ಗೊತ್ತಾಯ್ತು. ನಿಮ್ಮ ಮುಖ ನೋಡಿದೆ. ಇನ್ನೊಂದ್ಸಲ 'ಇದೆ' ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ."

"ನನ್ನ ಮುಖ ಉಳ್ಸೋಕೆ ಹಿಂದೆ ಕೂತೋರ ಜೀವ ಪಣಕ್ಕೆ ಕಟ್ಟಿದ್ಯಾ? ನಿನ್ನ ಜೀವ?"

"ಹೌದು. ತಪ್ಪೇ. ವಾರದಿಂದ ತೊರೆ ದಾಟೋವಾಗೆಲ್ಲ ಕೈ ಬೆವರುತ್ತೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೇ ಬಂದೆ." ಸ್ವಲ್ಪ ತಡೆದು, "ಹೇಳಿದ್ರೆ ನೀವು ಒಪ್ತಿದ್ರಾ?" ಎಂದಳು.

ಬೈಯಬೇಕೆಂದು ಬಂದವನಿಗೆ ಬೈಗುಳವೆಲ್ಲ ತನ್ನ ಕಡೆಗೇ ತಿರುಗಿದಂತೆ ಕಂಡಿತು. ನಾಚಿಕೆಯಾಯಿತು. ಅವಳನ್ನು ಸುಳ್ಳು ಹೇಳುವಂತೆ ಮಾಡಿದ್ದು ತನ್ನ ಮುಖವೇ ಎಂದು ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಕೂತು, ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, "ಸಣ್ಣ ಶಬ್ದ ಯಾವುದೂ ಕೇಳ್ಸಲ್ಲ ಕಣೆ. ಸುಮಾರು ದಿನ ಆಯ್ತು," ಎಂದ.

"ಹೂಂ," ಎಂದಳು ಅವಳು. ಹೇಳಿದ ಮೇಲೆ ಇಬ್ಬರಿಗೂ ಸ್ವಲ್ಪ ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ಶಾಲೆ ಬಿಡುವ ವೇಳೆ ಹತ್ತಿರವಾಗುತ್ತಿತ್ತು.

ಹೊಸ ಕ್ರಾಸು ಕೂರಿಸುವಾಗ ಅವಸರ ಮಾಡಬಾರದು. ಬಟ್ಟಲಿನ ಕಡ್ಡಿಗಳು ಗ್ರೀಸಿನಲ್ಲಿ ಅಂಟಿಕೊಂಡು ಗೋಡೆಗೊರಗಿ ನಿಂತಿರುತ್ತವೆ. ಒಂದೇ ಒಂದು ಜಾರಿ ತಳಕ್ಕೆ ಬಿದ್ದರೂ ಬಟ್ಟಲು ಪೂರ್ತಿ ಕೂರುವುದಿಲ್ಲ, ಅದನ್ನು ಹಿಡಿದಿಡುವ ಲಾಕು ಅದಕ್ಕೆಂದು ಕೊರೆದ ಗೀರಿನೊಳಗೆ ಇಳಿಯುವುದಿಲ್ಲ. ಅವನು ಅವಸರವನ್ನೇ ಮಾಡಿದ. ಕೊನೆಯ ಬಟ್ಟಲನ್ನು ಹೊಡೆದು ಕೂರಿಸಿ ಲಾಕು ಹಾಕಿದ. ಲಾಕು ಕೂತಾಗ ಟಿಕ್ ಎನ್ನಬೇಕು. ಅಂದಿತೆಂದೇ ಅಂದುಕೊಂಡ. ತಿರುಗಿಸಿ ನೋಡಿದರೆ ಕೀಲು ಒಂದು ಕಡೆಗೆ ತುಸು ಬಿಗಿ. ಹೊಸದಲ್ಲವೇ, ಹಾಗೇ ಇರುತ್ತದೆ ಎಂದುಕೊಂಡು ಗುರುತಿಗೆ ಗುರುತು ಸೇರಿಸಿ ಬೋಲ್ಟ್ ಬಿಗಿದ.

"ಅಂಗಳದಲ್ಲಿ ಒಂದು ಸುತ್ತು ಹೊಡಿ."

ಅವಳು ಓಡಿಸಿದಳು. ಅವನು ನಡುವೆ ನಿಂತು ಅವಳ ಮುಖವನ್ನೇ ನೋಡುತ್ತ ಜೀಪಿನ ಜೊತೆಗೇ ತಿರುಗುತ್ತಿದ್ದ. ಕಿಟಕಿಯಿಂದ ಮಕ್ಕಳು ಇಣುಕುತ್ತಿದ್ದರು. ಅವಳು ಹುಬ್ಬು ಗಂಟಿಕ್ಕಿದಳು, ಬಿಟ್ಟಳು, ಇನ್ನೊಂದು ಸುತ್ತು ಹೊಡೆದಳು. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು. ಆ ಮಾತಿಗಾಗಿ ಅವನು ಹಾಗೆ ಕಾತರಿಸುತ್ತಿದ್ದುದು ಅವಳಿಗೂ ಕಾಣುತ್ತಿತ್ತು. ಜೀಪು ನಿಂತಿತು.

"ಹಕ್ಕಿ ಹೋಗಿದೆ," ಎಂದಳು.

ಅವನು ಉಸಿರು ಬಿಟ್ಟ.

"ಬೇರೆ ಏನೋ ಇದೆ. ಟಿಕ್, ಟಿಕ್ ಅಂತ. ಸುತ್ತಿಗೊಂದ್ಸಲ."

ಅವಳು ಕಣ್ಣು ತಗ್ಗಿಸಲಿಲ್ಲ. "ಹೊಸದು, ಕೂತ್ಕೊಳ್ಳುತ್ತೆ ಬಿಡು" ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಅಂಗಳಕ್ಕೆ ಸುರಿದರು, ಹಿಂದೆಯೇ ಬ್ಯಾಗು ಹೆಗಲಿಗೇರಿಸಿಕೊಂಡು ಟೀಚರುಗಳು ಬಂದರು. "ಜೀಪಕ್ಕ, ಹೊರಡೋಣ್ವಾ? ಮೋಡ ಬೇರೆ ಕಟ್ತಿದೆ," ಎಂದರು ಹೆಡ್ ಮೇಡಂ.

"ಇಲ್ಲ ಮೇಡಂ, ಇನ್ನೂ ಸರಿಯಾಗಿಲ್ಲ," ಎಂದಳು ಅವಳು, ಗಂಡನ ಕಡೆ ನೋಡದೆ.

ಮೇಸ್ತ್ರಿ ನಾಲಿಗೆಯ ತುದಿಯ ಮಾತನ್ನು ನುಂಗಿಕೊಂಡು ಮತ್ತೆ ಅಡಿಗೆ ನುಸುಳಿದ. ಶಾಫ್ಟು ಮತ್ತೆ ಕೆಳಗಿಳಿಯಿತು. ಕೊನೆಯ ಬಟ್ಟಲಿನ ಲಾಕನ್ನು ಬೆರಳಿನಿಂದ ಮುಟ್ಟಿದ, ಸಲೀಸಾಗಿ ಕೈಗೇ ಬಂತು. ಗೀರಿನೊಳಗೆ ಅದು ಇಳಿದೇ ಇರಲಿಲ್ಲ. ಬಟ್ಟಲು ತೆಗೆದ. ತಳದಲ್ಲಿ ಒಂದು ಕಡ್ಡಿ ಅಡ್ಡ ಮಲಗಿತ್ತು. ಹೀಗೇ ಹೊರಟಿದ್ದರೆ ತೊರೆಗಿಂತ ಮೇಲಿನ ತಿರುವಿನಲ್ಲಿ ಈ ಬಟ್ಟಲು ಹಾರಿಹೋಗುತ್ತಿತ್ತು, ಆಗ ಜೀಪಿನಲ್ಲಿ ಇವರೆಲ್ಲ ಇರುತ್ತಿದ್ದರು. ಅವನು ಆ ಕಡ್ಡಿಯನ್ನು ಬಟ್ಟೆಯಿಂದ ಒರೆಸಿ ಅಂಗೈಯಲ್ಲಿಟ್ಟುಕೊಂಡ.

ಆಮೇಲೆ ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಕಡ್ಡಿಗಳನ್ನು ಒಂದೊಂದಾಗಿ ಗ್ರೀಸು ಹಚ್ಚಿ ನಿಲ್ಲಿಸಿದ. ಬಟ್ಟಲನ್ನು ಹೊಡೆಯುವಾಗ, "ಶಬ್ದ ಬದಲಾದ ತಕ್ಷಣ ಹೇಳು," ಎಂದ. ಅವಳು ಹೇಳಿದಳು. ಲಾಕು ಹಾಕುವಾಗ, "ಟಿಕ್ ಅಂತಾ?" ಎಂದ. "ಇಲ್ಲ, ಇನ್ನೂ ಒತ್ತಿ." ಒತ್ತಿದ. "ಈಗ ಅಂತು." ಟೀಚರುಗಳು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಗಣಿತದ ಮೇಷ್ಟ್ರು ಗಲಾಟೆ ಮಾಡುವ ಮಕ್ಕಳನ್ನು ಆಚೆ ಕಳಿಸಿದರು.

ಎರಡನೆಯ ಸಲ ಸುತ್ತು ಹೊಡೆದು ಬಂದು ಅವಳು, "ಹೋಯ್ತು," ಎಂದಳು. ಹಿಂದೆ ಹೇಳಿದ್ದೂ ಅದೇ ಮಾತೇ. ಅವನು ಅವಳನ್ನು ದಿಟ್ಟಿಸಿ ನೋಡಿ, ಚೀಲ ಕಟ್ಟಿದ.

ಬೈಕನ್ನು ಗಣಿತದ ಮೇಷ್ಟ್ರು ಹಿಂದಿನಿಂದ ಓಡಿಸಿಕೊಂಡು ಬಂದರು. ಉಳಿದವರು ಜೀಪಿನಲ್ಲಿ ಹಿಂದೆ ಕೂತರು, ಮೇಸ್ತ್ರಿ ಹೆಂಡತಿಯ ಪಕ್ಕ. ಇಳಿಜಾರು ಶುರುವಾದ ಮೇಲೆ ಅವನು ಸೀಟಿನ ಅಂಚನ್ನು ಹಿಡಿದವನು ಬಿಡಲಿಲ್ಲ. ಕಾಲ ಕೆಳಗಿನ ತಗಡಿನ ನಡುಕವನ್ನೇ ಪಾದದಿಂದ ಓದುತ್ತ, ಪ್ರತಿ ಕಲ್ಲಿಗೂ ಹಲ್ಲು ಕಚ್ಚುತ್ತ ಕೂತಿದ್ದ. ಹಿಂದೆ ಹೆಡ್ ಮೇಡಂ, "ಮೇಸ್ತ್ರಿಗಳೇ ಜೊತೆಗಿದಾರೆ, ಇವರ ಕಿವಿಗೆ ಬೀಳದ್ದು ಏನಿದೆ, ಇನ್ನೇನು ಭಯ?" ಎಂದು ಪಕ್ಕದವರಿಗೆ ಜೋರಾಗಿಯೇ ಹೇಳುತ್ತಿದ್ದರು. ತೊರೆಯ ಮೇಲಿನ ತಿರುವಿನಲ್ಲಿ ಹೆಂಡತಿ ಬ್ರೇಕು ಹಿಡಿದಳು. ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ ಅವನಿಗೆ ಏನೋ ಹೇಳಿದಳು. ಅವನಿಗೆ ಅವಳ ತುಟಿ ಅಲುಗಿದ್ದಷ್ಟೇ ಕಂಡಿತು.

"ಕೇಳಿಸ್ಲಿಲ್ಲ," ಎಂದ ಅವನು. ಹಿಂದಿನ ಸೀಟಿನವರ ಮಾತು ಥಟ್ಟನೆ ನಿಂತಿತು. "ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಜೋರಾಗಿ ಹೇಳು."

"ಹಿಂದಿನ ಎಡಚಕ್ರ ಅಂಚಿಗೆ ಬಂತಾ ನೋಡಿ ಅಂದೆ," ಎಂದಳು ಅವಳು, ಗಂಟಲೆತ್ತಿ.

ಅವನು ಕತ್ತು ಹೊರಗೆ ಹಾಕಿ ನೋಡಿದ. "ಬಂದಿದೆ. ಬಲಕ್ಕೆ ಎಳ್ಕೋ," ಎಂದ. ಅವಳು ಎಳೆದುಕೊಂಡಳು.